ಶಾಲೆಯ ನೀರು, ನೆರಳು, ಕಸ: ಊರು ಕೂತು ಬರೆಯಬೇಕಾದ ಯೋಜನೆ

ರಾಜ್ಯದ ಹಳ್ಳಿ ಶಾಲೆಗಳಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಗೋಡೆಗೆ ಒತ್ತಿ ಕಟ್ಟಿದ ಸಿಮೆಂಟ್ ತೊಟ್ಟಿ, ಅದರ ಮೇಲೆ ಮಾಸಿದ ಅಕ್ಷರದಲ್ಲಿ ಕಾಮಗಾರಿಯ ಹೆಸರು, ಮೊತ್ತ, ವರ್ಷ. ಚಾವಣಿಯಿಂದ ಇಳಿದ ಪಿವಿಸಿ ಪೈಪು ಅರ್ಧಕ್ಕೇ ತುಂಡಾಗಿದೆ. ಸೋಸು ಪೆಟ್ಟಿಗೆಗೆ ಮುಚ್ಚಳವಿಲ್ಲ, ಒಳಗಿನ ಜಲ್ಲಿ ಮರಳಿನ ಮೇಲೆ ಎಲೆ ಕೊಳೆತು ಗರಿಕೆ ಚಿಗುರಿದೆ. ನಲ್ಲಿಯನ್ನು ಯಾರೋ ಕಿತ್ತೊಯ್ದಿದ್ದಾರೆ.

ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ ಸರ್ಕಾರ 20 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಲ್ಲಿ ಚಾವಣಿ ಮಳೆನೀರು ಸಂಗ್ರಹಕ್ಕೆ ಕೈಹಾಕಿತು. ದೇಶದಲ್ಲೇ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಆದರೆ ಬಹಳಷ್ಟು ಘಟಕಗಳು ಬೇಗನೆ ಮೂಲೆ ಸೇರಿದವು. ಕಾಮಗಾರಿಯ ಕೊರತೆಗಳು ಇದ್ದವು ನಿಜ. ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂಗಾರಿಗೆ ಮುನ್ನ ಚಾವಣಿ ಗುಡಿಸುವವರು ಯಾರು, ವರ್ಷಕ್ಕೊಮ್ಮೆ ಮರಳು ತೊಳೆಯುವವರು ಯಾರು, ಮುರಿದ ಪೈಪಿಗೆ ದುಡ್ಡು ಎಲ್ಲಿಂದ ಎಂದು ಕಟ್ಟುವ ಮುಂಚೆ ಊರನ್ನು ಕೇಳಿದವರಿರಲಿಲ್ಲ. ಕೇಳದೆ ಕಟ್ಟಿದ್ದನ್ನು ಊರು ತನ್ನದೆಂದು ಕಾಯಲಿಲ್ಲ.

ಈಗ ಶಾಲೆಗಳಲ್ಲಿ ಸುಸ್ಥಿರತೆಯ ಮಾತು ಮತ್ತೆ ಜೋರಾಗಿದೆ. ಇಕೋ ಕ್ಲಬ್, ಪೌಷ್ಟಿಕ ಕೈತೋಟ, ಸೌರಫಲಕ, ಪ್ಲಾಸ್ಟಿಕ್ ಮುಕ್ತ ಆವರಣ ಎಲ್ಲವೂ ಪಟ್ಟಿಯಲ್ಲಿವೆ. ಅವು ಉಳಿಯಬೇಕಾದರೆ ಯೋಜನೆ ಬರೆಯುವ ಹೊತ್ತಿಗೇ ಊರು ಶಾಲೆಯ ಅಂಗಳದಲ್ಲಿ ಕೂತಿರಬೇಕು. ಅದನ್ನು ಮಾಡುವುದು ಹೇಗೆಂದು ಪೋಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಶಿಕ್ಷಕರಿಗೆ ಹೇಳಲು ಈ ಬರಹ.

ಅಧಿಕಾರ ಈಗಾಗಲೇ ನಿಮ್ಮ ಕೈಯಲ್ಲಿದೆ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ನಮ್ಮಲ್ಲಿ 2001ರಿಂದ ಇದೆ. ವಿಜ್ಞಾನಿ ರಾಜಾರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ಅದು ರೂಪುಗೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. 22ನೇ ಸೆಕ್ಷನ್ ಶಾಲಾಭಿವೃದ್ಧಿ ಯೋಜನೆ ಬರೆಯುವ ಕೆಲಸವನ್ನು ಈ ಸಮಿತಿಗೇ ವಹಿಸಿದೆ. ಅದು ಮೂರು ವರ್ಷದ ಯೋಜನೆ, ಒಳಗೆ ವರ್ಷಕ್ಕೊಂದು ಉಪಯೋಜನೆ. ಸರ್ಕಾರ ಕೊಡುವ ಅನುದಾನಕ್ಕೆ ಅದೇ ಆಧಾರವಾಗಬೇಕೆಂದು ಕಾಯ್ದೆ ಹೇಳುತ್ತದೆ.

ಆದ್ದರಿಂದ ನೀರು, ನೆರಳು, ಕಸ, ಶೌಚಾಲಯಗಳ ಮಾತಿಗೆ ಹೊಸ ಸಮಿತಿ ಬೇಡ. ಶಾಲಾಭಿವೃದ್ಧಿ ಯೋಜನೆಯಲ್ಲೇ ಅದಕ್ಕೆ ನಾಲ್ಕು ಪುಟ ಕೊಡಿ. ಹೊಸ ಸಮಿತಿ ಮಾಡಿದರೆ ಫೋಟೊಗೆ ಒಂದು ದಿನ ಸೇರಿ ಮುಗಿಯುತ್ತದೆ. ಎಸ್‌ಡಿಎಂಸಿಗಾದರೆ ನಡಾವಳಿ ಪುಸ್ತಕವಿದೆ, ಬ್ಯಾಂಕ್ ಖಾತೆಯಿದೆ, ಮುಂದಿನ ಸಭೆಯಲ್ಲಿ ಉತ್ತರ ಹೇಳಬೇಕಾದ ಹೊಣೆಯಿದೆ.

ಒಂದೇ ಮಾದರಿ ಎಲ್ಲ ಕಡೆಗೆ ಹೊಂದದು

ಶಿಕ್ಷಣ ಇಲಾಖೆ ಆಡಳಿತಕ್ಕಾಗಿ ರಾಜ್ಯವನ್ನು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿಕೊಂಡಿದೆ. ಅವುಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಇವೆ, ಎಲ್ಲ ಬಯಲುಸೀಮೆ. ಪಾವಗಡದಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್. ಶಿರಸಿ ಶೈಕ್ಷಣಿಕ ಜಿಲ್ಲೆ ಘಟ್ಟದ ಮೇಲಿನದು, ಅದರ ಮಲೆನಾಡು ಭಾಗದಲ್ಲಿ ಮಳೆ 2000 ಮಿಲಿಮೀಟರ್ ದಾಟುತ್ತದೆ. ಅಲ್ಲಿ ಆಷಾಢದಲ್ಲಿ ಸೋರುವ ಹೆಂಚು, ಒದ್ದೆ ಗೋಡೆ, ಚಾವಣಿ ತುಂಬ ಉದುರಿದ ಎಲೆಯದೇ ಚಿಂತೆ. ಅಷ್ಟು ಮಳೆ ಬಿದ್ದ ಊರಿನಲ್ಲೂ ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ.

ಬೆಂಗಳೂರಿನಲ್ಲಿ ಕೂತು ಬರೆದ ಒಂದು ಪಟ್ಟಿ ಈ ಎರಡಕ್ಕೂ ಹೊಂದುವುದು ಸಾಧ್ಯವಿಲ್ಲ. ಯಾವ ಬಾವಿ ಯಾವ ತಿಂಗಳು ಬತ್ತುತ್ತದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ ಎಂಬುದು ಗೊತ್ತಿರುವುದು ಅಲ್ಲೇ ಹುಟ್ಟಿ ಬೆಳೆದವರಿಗೆ.

ಸಭೆಗೆ ಮುಂಚೆ ನಾಲ್ಕು ಜನರನ್ನು ಕೇಳಿ

ಸಭೆ ಕರೆದು "ಏನು ಬೇಕು ಹೇಳಿ" ಎಂದರೆ ಕಾಂಪೌಂಡ್ ಬೇಕು, ಗೇಟು ಬೇಕು ಎಂಬ ಮಾತೇ ಬರುತ್ತದೆ. ಮೊದಲು ಶಾಲೆಯ ಸ್ಥಿತಿಯನ್ನು ಅರಿತುಕೊಳ್ಳಬೇಕು. ಅದಕ್ಕೆ ಶಾಲೆಯ ಸುತ್ತ ಇರುವ ಕೆಲವರನ್ನು ಅವರವರ ಜಾಗದಲ್ಲೇ ಹೋಗಿ ಮಾತನಾಡಿಸಿ.

ಮೊದಲಿಗೆ ಬಿಸಿಯೂಟದ ಅಡುಗೆಯವರು. ಅಕ್ಕಿ ತೊಳೆಯಲು ಎಷ್ಟು ಕೊಡ, ಬೇಳೆ ತರಕಾರಿಗೆ ಎಷ್ಟು, ಪಾತ್ರೆಗೆ ಎಷ್ಟು, ಮಕ್ಕಳು ತಟ್ಟೆ ತೊಳೆಯಲು ಎಷ್ಟು ಎಂಬ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ನೀರು ಬಾರದ ದಿನ ಎಲ್ಲಿಂದ ಹೊತ್ತು ತರುತ್ತಾರೆ ಎಂಬುದನ್ನೂ ಕೇಳಿ. ಯಾವ ದಿನ ಅನ್ನ ಹೆಚ್ಚು ಉಳಿಯುತ್ತದೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಮುಖ್ಯ ಶಿಕ್ಷಕರಿಗೂ ಗೊತ್ತಿರುವುದಿಲ್ಲ. ಇಷ್ಟಾದರೂ ಯೋಜನೆಯ ಸಭೆಯಲ್ಲಿ ಅವರು ಚಹಾ ಹಂಚಿ ಅಡುಗೆಮನೆಗೆ ಮರಳುತ್ತಾರೆ. ಅವರಿಗೆ ಕುರ್ಚಿ ಹಾಕಿ ಕೂರಿಸಿ.

ಎರಡನೆಯವರು ಗ್ರಾಮ ಪಂಚಾಯಿತಿಯ ನೀರುಗಂಟಿ. ಶಾಲೆಯ ಲೈನಿಗೆ ನೀರು ಬಿಡುವುದು ಎಷ್ಟು ಹೊತ್ತಿಗೆ, ಆಗ ಶಾಲೆ ತೆರೆದಿರುತ್ತದೆಯೇ ಎಂದು ವಿಚಾರಿಸಿ. ಬೆಳಗಿನ ಆರಕ್ಕೆ ನೀರು ಬಿಟ್ಟು ಏಳಕ್ಕೆ ನಿಲ್ಲಿಸಿದರೆ, ಆ ಲೈನು ಶಾಲೆಯ ತೊಟ್ಟಿಗೆ ಸೇರಿರದಿದ್ದರೆ, ನೀರು ಚರಂಡಿ ಸೇರುತ್ತದೆ, ಹತ್ತು ಗಂಟೆಗೆ ಬಂದ ಮಕ್ಕಳಿಗೆ ಖಾಲಿ ನಲ್ಲಿ ಸಿಗುತ್ತದೆ. ನೀರುಗಂಟಿಯೊಂದಿಗೆ ಐದು ನಿಮಿಷ ಮಾತಾಡಿ ಸಮಯ ಹೊಂದಿಸಿದರೆ ಇದಕ್ಕೆ ಕಾಮಗಾರಿಯೇ ಬೇಕಾಗದು.

ಮೂರನೆಯದಾಗಿ ಮೇಲಿನ ತರಗತಿಯ ಹೆಣ್ಣುಮಕ್ಕಳು. ಇದನ್ನು ಶಿಕ್ಷಕಿ ಅಥವಾ ಆಶಾ ಕಾರ್ಯಕರ್ತೆ ಪ್ರತ್ಯೇಕವಾಗಿ ಕೂತು ಕೇಳಬೇಕು. ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆಯೇ, ಒಳಗೇ ನೀರಿದೆಯೇ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಎಲ್ಲಿ ಹಾಕುತ್ತಾರೆ? ಶುಚಿ ಯೋಜನೆಯಲ್ಲಿ ಪ್ಯಾಡ್ ಹಂಚುತ್ತೇವೆ, ಬಳಸಿದ್ದು ಏನಾಗುತ್ತದೆ ಎಂದು ಕೇಳುವುದಿಲ್ಲ. ಅದು ಶೌಚಗುಂಡಿ ಸೇರಿದರೆ ಗುಂಡಿ ಕಟ್ಟಿಕೊಂಡು ಇಡೀ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಬೀಗ ಬಿದ್ದ ವಾರ ಯಾವ ಹುಡುಗಿಯರು ಶಾಲೆಗೆ ಬರಲಿಲ್ಲ ಎಂದು ಹಾಜರಿ ಪುಸ್ತಕ ತೆಗೆದು ನೋಡಿ. ಕಸ ವಿಲೇವಾರಿಯ ಮಾತು ಹಾಜರಾತಿಯ ಮಾತೂ ಹೌದು ಎಂದು ಅಲ್ಲಿಯೇ ತಿಳಿಯುತ್ತದೆ.

ನಾಲ್ಕನೆಯವರು ಶಾಲೆಯ ಪಕ್ಕದ ಮನೆಯವರು. ಸಂಜೆ ಆದಮೇಲೆ, ಭಾನುವಾರ, ರಜೆಯಲ್ಲಿ ಆವರಣದಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ.

ಇದರ ಜೊತೆಗೆ ಮಕ್ಕಳಿಂದ ನಕ್ಷೆ ಬರೆಸಿ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಶಾಲೆಯ ಚಿತ್ರ ಹಾಕಿಸಿ, ನೀರು ನಿಲ್ಲುವಲ್ಲಿ ನೀಲಿ, ಕಸ ಬೀಳುವಲ್ಲಿ ಕೆಂಪು, ಮಧ್ಯಾಹ್ನ ಹನ್ನೆರಡಕ್ಕೆ ನೆರಳಿರುವಲ್ಲಿ ಹಸಿರು ತುಂಬಲು ಹೇಳಿ. ಹಸಿರು ಎಷ್ಟು ಕಡಿಮೆ ಬಿತ್ತು ಎಂಬುದನ್ನು ಪೋಷಕರು ನಿಂತು ನೋಡುವಾಗ ಯಾವ ಭಾಷಣವೂ ಬೇಕಾಗುವುದಿಲ್ಲ.

ಲೆಕ್ಕ ಎಲ್ಲರೆದುರು ಮಾಡಿ

ಮಳೆನೀರಿನ ಲೆಕ್ಕ ಆರನೇ ತರಗತಿಯ ಮಕ್ಕಳೂ ಮಾಡಬಲ್ಲರು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಶಾಲೆಯ ಆರ್‌ಸಿಸಿ ಚಾವಣಿ 200 ಚದರ ಮೀಟರ್, ವರ್ಷದ ಮಳೆ 550 ಮಿಲಿಮೀಟರ್ ಎಂದುಕೊಳ್ಳಿ. ಬೀಳುವುದು 1,10,000 ಲೀಟರ್. ಆವಿ, ಸೋರಿಕೆ, ಹೊರಬಿಡುವ ಮೊದಲ ಮಳೆಗೆಂದು ಐದರಲ್ಲಿ ಒಂದು ಪಾಲು ಕಳೆದರೂ ಸುಮಾರು 88,000 ಲೀಟರ್ ಸಿಗುತ್ತದೆ. 80 ಮಕ್ಕಳಿಗೆ ಕುಡಿಯಲು, ಅಡುಗೆಗೆ ತಲಾ 3 ಲೀಟರ್ ಎಂದರೆ ದಿನಕ್ಕೆ 240 ಲೀಟರ್, 220 ಶಾಲಾ ದಿನಕ್ಕೆ 52,800 ಲೀಟರ್. ಅಂದರೆ ಬಯಲುಸೀಮೆಯ ಚಾವಣಿಯೂ ಶಾಲೆಯ ಬಾಯಾರಿಕೆಗೆ ಸಾಕು.

ಸಾಲದಿರುವುದು ತೊಟ್ಟಿ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ದಿನಗಳನ್ನು ದಾಟಿಸಬೇಕಾದರೆ ಈ ಶಾಲೆಗೆ 25,000 ಲೀಟರಿನ ತೊಟ್ಟಿ ಬೇಕು, ಅದು ತುಂಬಿದ್ದರೆ 104 ಶಾಲಾ ದಿನ ಬರುತ್ತದೆ. 5,000 ಲೀಟರಿನ ಟ್ಯಾಂಕ್ ಇಟ್ಟರೆ 20 ದಿನಕ್ಕೆ ಖಾಲಿ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಪೋಷಕರೆದುರೇ ಬರೆಯಿಸಿ. ಆಮೇಲೆ ಯಾರಾದರೂ ಸಣ್ಣ ಟ್ಯಾಂಕ್ ತಂದು ನಿಲ್ಲಿಸಲು ಹೊರಟರೆ ಊರೇ ಪ್ರಶ್ನೆ ಕೇಳುತ್ತದೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಫ್ಲೋರೈಡ್ ಸೀಮೆಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ತಡೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಮಕ್ಕಳಿಗೆ ಬೇಡ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಂಥ ಕಡೆ ಮಳೆನೀರನ್ನು ಬಾಯಿಗೆ, ಅಡುಗೆಗೆ ಮಾತ್ರ ಮೀಸಲಿಡಿ. ಗಿಡಕ್ಕೆ, ಶೌಚಕ್ಕೆ ಕೊಳವೆಬಾವಿ ನೀರು ಸಾಕು. ಜಲಜೀವನ್ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಲಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ಕಿಟ್ ಎಲ್ಲಿದೆ ಎಂದು ಕೇಳಿ ತರಿಸಿ, ಆ ಪರೀಕ್ಷೆಯನ್ನು ಶಾಲೆಯ ಅಂಗಳದಲ್ಲೇ ಮಾಡಿಸಿ. ಬಣ್ಣ ಬದಲಾಗುವುದನ್ನು ಕಣ್ಣಾರೆ ಕಂಡ ತಾಯಿ ಮುಂದಿನ ಸಭೆಗೆ ತಪ್ಪದೆ ಬರುತ್ತಾಳೆ.

ಸಭೆ ಎಲ್ಲಿ, ಯಾವ ಹೊತ್ತಿಗೆ

ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು "ಪೋಷಕರು ಬರುವುದಿಲ್ಲ" ಎಂದು ದೂರುವುದು ನ್ಯಾಯವಲ್ಲ. ಕೂಲಿಗೆ ಹೋಗುವವರಿಗೆ ಆ ಸಭೆ ಎಂದರೆ ಒಂದು ದಿನದ ದುಡಿಮೆ. ಡೇರಿ ಇರುವ ಊರಲ್ಲಿ ಸಂಜೆ ಹಾಲು ಹಾಕಿ ಮುಗಿದ ಹೊತ್ತು ಒಳ್ಳೆಯದು, ಸೂಚನೆಯನ್ನು ಡೇರಿಯ ಬಾಗಿಲಿಗೆ ಅಂಟಿಸಿದರೆ ದಿನಕ್ಕೆ ಎರಡು ಸಲ ಎಲ್ಲರ ಕಣ್ಣಿಗೆ ಬೀಳುತ್ತದೆ. ಬಿತ್ತನೆ, ಕೊಯ್ಲಿನ ವಾರ ಬಿಟ್ಟುಬಿಡಿ.

ಜಾಗದ ವಿಷಯ ಇನ್ನೂ ಮುಖ್ಯ. ಸರ್ಕಾರಿ ಶಾಲೆಗೆ ಇವತ್ತು ಹೆಚ್ಚಾಗಿ ಮಕ್ಕಳನ್ನು ಕಳಿಸುವುದು ಪರಿಶಿಷ್ಟರ, ಹಿಂದುಳಿದವರ, ಕೂಲಿಕಾರರ ಮನೆಗಳು. ಆದರೆ ಊರ ಮುಂದಿನ ಕಟ್ಟೆಯಲ್ಲಿ ಸಭೆ ನಡೆದರೆ ಮಾತಾಡುವವರು ಬೇರೆಯೇ ಆಗಿರುತ್ತಾರೆ. ಒಂದು ಸಭೆಯನ್ನು ಕಾಲೋನಿಯ ಅಂಗನವಾಡಿಯಲ್ಲಿ ಮಾಡಿ. ಹೆಂಗಸರಷ್ಟೇ ಕೂಡುವ ಸಭೆ ಇನ್ನೊಂದಿರಲಿ, ಸ್ವಸಹಾಯ ಸಂಘದ ವಾರದ ಸಭೆಗೇ ಹೋಗಿ ಅರ್ಧ ಗಂಟೆ ಕೇಳಿದರೂ ಆದೀತು. ಎಸ್‌ಡಿಎಂಸಿಯಲ್ಲಿ ಅರ್ಧ ಮಹಿಳೆಯರೆಂದು ಹಾಳೆಯ ಮೇಲೆ ಇದ್ದು, ಸಹಿಗಷ್ಟೇ ಪುಸ್ತಕ ಮನೆಗೆ ಹೋಗುವ ಪದ್ಧತಿ ಎಷ್ಟೋ ಕಡೆ ಇದೆ. ಆ ಪದ್ಧತಿ ಇರುವ ತನಕ ಶಾಲೆಯ ನೀರಿನ ಯೋಜನೆ ನೀರು ಹೊರುವವರನ್ನು ಬಿಟ್ಟೇ ತಯಾರಾಗುತ್ತದೆ.

ಜಗಳಕ್ಕೆ ಹೆದರಬೇಡಿ. ಆವರಣದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವವರು, ರಾಗಿ ಒಕ್ಕುವವರು, ಸಂಜೆ ಬಾಟಲಿ ಎಸೆದು ಹೋಗುವವರು ಎಲ್ಲರೂ ಇದೇ ಊರಿನವರು. ಅವರನ್ನು ಹೊರಗಿಟ್ಟು ಬರೆದ ನಿಯಮ ಮೊದಲ ವಾರವೇ ಮುರಿಯುತ್ತದೆ. ಶಾಲಾ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಕರೆದು, ಆಟ ಮುಗಿಸಿ ಅವರು ನೀರು ಕುಡಿಯುವ ನಲ್ಲಿ ಮತ್ತು ತೊಟ್ಟಿಯ ಕಾವಲನ್ನು ಅವರ ಹೆಸರಿಗೇ ಬರೆಯಿರಿ.

ನಡಾವಳಿಯಲ್ಲಿ ಏನು ಬರೆಯಬೇಕು

ಯೋಜನೆ ಸಾಯುವುದು ಬಹುಪಾಲು ನಡಾವಳಿ ಪುಸ್ತಕದಲ್ಲೇ. "ಶಾಲೆಯಲ್ಲಿ ಪರಿಸರ ಸಂರಕ್ಷಣೆಗೆ ಅಗತ್ಯ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂಬ ಸಾಲಿನಿಂದ ಒಂದು ಗಿಡಕ್ಕೂ ನೀರು ಬೀಳುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ:

"ಮೇ ತಿಂಗಳ ಕೊನೆಯ ಶನಿವಾರ ಚಾವಣಿ ಗುಡಿಸುವುದು, ಸೋಸು ಪೆಟ್ಟಿಗೆಯ ಮರಳು ಜಲ್ಲಿ ತೊಳೆದು ಒಣಗಿಸಿ ತುಂಬುವುದು. ಹೊಣೆ: ಯುವಕ ಸಂಘದ ಇಬ್ಬರು, ಹೆಸರು ಮತ್ತು ಸಹಿ ಕೆಳಗಿದೆ. ಏಣಿ ಪಂಚಾಯಿತಿಯಿಂದ. ಹೊಸ ಮುಚ್ಚಳ ಮತ್ತು ಎಂಡ್ ಕ್ಯಾಪ್ ಖರ್ಚು ಶಾಲಾ ಅನುದಾನದಿಂದ. ಮಕ್ಕಳನ್ನು ಚಾವಣಿ ಹತ್ತಿಸತಕ್ಕದ್ದಲ್ಲ. ಜೂನ್ ಸಭೆಯಲ್ಲಿ ಅಧ್ಯಕ್ಷರು ನೋಡಿ ವರದಿ ಹೇಳುವುದು."

ಎಂಡ್ ಕ್ಯಾಪ್ ಎಂದರೆ ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡುವ ಪೈಪಿನ ತುದಿಯ ಮುಚ್ಚಳ. ಹೊಸ ಮಳೆಗೆ ಅದನ್ನು ತೆಗೆದಿಟ್ಟು, ಚಾವಣಿ ತೊಳೆದ ನೀರು ಹೋದಮೇಲೆ ತಿರುಗಿಸಿ ಬಿಗಿ ಮಾಡಬೇಕು. ಅದು ಕಳೆದುಹೋದರೆ ಆ ಮಳೆಗಾಲದ ನೀರೆಲ್ಲ ಅಲ್ಲಿಂದಲೇ ಹರಿದು ಹೋಗುತ್ತದೆ. ಇಷ್ಟು ಚಿಕ್ಕ ವಸ್ತುವಿನ ಹೆಸರು ನಡಾವಳಿಯಲ್ಲಿ ಬಂದಿದೆ ಎಂದರೆ ಆ ಯೋಜನೆಯನ್ನು ನಿಜಕ್ಕೂ ಕೂತು ಬರೆದಿದ್ದಾರೆ ಎಂದರ್ಥ.

ಶೌಚಾಲಯ ಸ್ವಚ್ಛತೆಗೂ ಹೀಗೆಯೇ ಹೆಸರು, ದಿನ, ಹಣ ಬರೆಯಿರಿ. ಮಕ್ಕಳಿಂದ ಶೌಚಾಲಯ ತೊಳೆಸುವುದನ್ನು ಇಲಾಖೆ ನಿಷೇಧಿಸಿದೆ, ಯಾವ ಹೆಸರಿನಲ್ಲೂ ಅದಕ್ಕೆ ಎಡೆ ಕೊಡಬೇಡಿ. ಕಸದ ವಿಷಯ ಸುಲಭ. ಹಸಿಕಸ ಶಾಲೆಯ ಗುಂಡಿಗೆ, ಒಣಕಸ ಪಂಚಾಯಿತಿಯ ಸ್ವಚ್ಛವಾಹಿನಿಗೆ. ಗಾಡಿ ಓಡಿಸುವ ಸಂಘದ ಮಹಿಳೆಯೊಂದಿಗೆ ಮಾತಾಡಿ ವಾರದ ದಿನ ಗೊತ್ತುಮಾಡಿಕೊಳ್ಳಿ.

ಬೇಸಿಗೆಯ ಎಂಟು ವಾರ

ಪರಿಸರ ದಿನವಾದ ಜೂನ್ 5ರಂದು ನೆಟ್ಟ ಗಿಡ ಮುಂದಿನ ಮೇ ತಿಂಗಳು ದಾಟಬೇಕು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ, ಅದಕ್ಕೆ ಮುಂಚಿನ ಪರೀಕ್ಷೆಯ ದಿನಗಳಲ್ಲಿ ಗಿಡದ ಕಡೆ ನೋಡುವವರಿಲ್ಲ. ಸಸಿಗಳು ಸಾಯುವುದು ಈ ಹೊತ್ತಿನಲ್ಲೇ. ಆದ್ದರಿಂದ ಎಷ್ಟು ಗಿಡ ನೆಡಬೇಕು ಎಂಬ ಪ್ರಶ್ನೆಯ ಬದಲು ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಹೊಯ್ಯಲು ಆಳುಂಟು ಎಂದು ಕೇಳಿ. ಹತ್ತು ಮನೆಯವರು ಮುಂದೆ ಬಂದರೆ ಹತ್ತೇ ಗಿಡ ನೆಡಿ. ಹೊಂಗೆ, ಬೇವು, ನೇರಳೆ ಬಯಲುಸೀಮೆಗೆ ಹೊಂದುತ್ತವೆ. ಗುಲ್‌ಮೊಹರ್ ಬೇಗ ಬೆಳೆಯುತ್ತದೆಂದು ಆಸೆಪಡಬೇಡಿ, ಗಾಳಿಗೆ ಕೊಂಬೆ ಮುರಿಯುವ ಮರವನ್ನು ಮಕ್ಕಳ ತಲೆಯ ಮೇಲೆ ಬೆಳೆಸುವುದು ತರವಲ್ಲ.

ಕೈತೋಟದಲ್ಲಿ ನುಗ್ಗೆ, ಕರಿಬೇವಿನಂಥ ತಾಳಿಕೊಳ್ಳುವ ಗಿಡಗಳಿರಲಿ, ಕೈ ಮತ್ತು ತಟ್ಟೆ ತೊಳೆದ ನೀರು ಅವುಗಳ ಬುಡಕ್ಕೆ ಹೋಗಲಿ. ರಜೆಯಲ್ಲಿ ನೀರು ಹಾಕುವ ಮನೆಯವರಿಗೆ ಆಗಿನ ಸೊಪ್ಪು, ಕಾಯಿ ಸೇರಲಿ ಎಂದು ಮೊದಲೇ ನಡಾವಳಿಯಲ್ಲಿ ಬರೆದುಬಿಡಿ. ಬರಪೀಡಿತವೆಂದು ಘೋಷಿಸಿದ ತಾಲ್ಲೂಕುಗಳಲ್ಲಿ ಬೇಸಿಗೆಯಲ್ಲೂ ಬಿಸಿಯೂಟ ನಡೆದದ್ದುಂಟು. ಆ ವರ್ಷ ಅಡುಗೆಯವರೂ ಮಕ್ಕಳೂ ಶಾಲೆಯಲ್ಲೇ ಇರುವುದರಿಂದ ತೋಟದ ಕೆಲಸ ಹಗುರ.

ಹಣ, ಪಂಚಾಯಿತಿ, ಮೇಲಿನ ಕಚೇರಿ

ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಯೋಜನೆಯ ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25 ಸಾವಿರ ರೂಪಾಯಿವರೆಗೆ, 101ರಿಂದ 250 ಇದ್ದರೆ 50 ಸಾವಿರದವರೆಗೆ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಖರ್ಚಾಗಬೇಕು. ಇದು ರಿಪೇರಿಯ ದುಡ್ಡು, ಕಟ್ಟುವ ದುಡ್ಡಲ್ಲ. ದೊಡ್ಡ ಕೆಲಸಕ್ಕೆ ಗ್ರಾಮ ಪಂಚಾಯಿತಿಯನ್ನೇ ಕೇಳಬೇಕು. ಉದ್ಯೋಗ ಖಾತರಿಯಲ್ಲಿ ನಮ್ಮ ರಾಜ್ಯದ ಎಷ್ಟೋ ಶಾಲೆಗಳಿಗೆ ಕಾಂಪೌಂಡ್, ಆಟದ ಮೈದಾನ, ಅಡುಗೆಮನೆ, ಮಳೆನೀರು ಕೊಯ್ಲು ಆಗಿವೆ.

ಕೇಳುವುದಕ್ಕೊಂದು ಕಾಲವಿದೆ. ಪಂಚಾಯಿತಿಯ "ನಮ್ಮ ಗ್ರಾಮ ನಮ್ಮ ಯೋಜನೆ" ತಯಾರಿ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ನವೆಂಬರಿನ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಶಾಲಾಭಿವೃದ್ಧಿ ಯೋಜನೆ ಡಿಸೆಂಬರ್ ಒಳಗೆ ಸಿದ್ಧವಾಗುವುದು ಒಳ್ಳೆಯದು. ಆಗಸ್ಟ್, ಸೆಪ್ಟೆಂಬರಿನಲ್ಲಿ ನೀವು ಮಾತುಕತೆ, ಲೆಕ್ಕ ಮುಗಿಸಿದ್ದರೆ ಮೂರೂ ಕಡೆ ಅದೇ ಪುಟಗಳನ್ನು ಹಿಡಿದು ಹೋಗಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ತೊಟ್ಟಿಯ ಲೆಕ್ಕವನ್ನು ತಾನೇ ಓದಿದರೆ ಪಿಡಿಒ ಅದನ್ನು ಬರೆದುಕೊಳ್ಳಲೇಬೇಕು. ಕರಡು ಪ್ರತಿಯೊಂದನ್ನು ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಇಡಿ. ದಾನಿಗಳು, ಕಂಪನಿಯವರು ಬಂದಾಗಲೂ ಅದನ್ನೇ ಮುಂದಿಡಿ. ಅವರಿಗೆ ಗೋಡೆಗೆ ಬಣ್ಣ ಹೊಡೆಸುವ ಮನಸ್ಸಿದ್ದರೂ ಊರಿಗೆ ಬೇಕಾದದ್ದು ತೊಟ್ಟಿ ಎಂದು ಹೇಳಲು ನಿಮ್ಮ ಬಳಿ ಕಾಗದವಿರುತ್ತದೆ.

ಶಾಲೆಗಳ ಮಾಹಿತಿ ಕೋಶವಾದ ಯುಡೈಸ್ ಪ್ಲಸ್‌ನಲ್ಲಿ ನಿಮ್ಮ ಶಾಲೆಯ ಬಗ್ಗೆ ಇರುವ ಮಾಹಿತಿಯನ್ನು ಎಸ್‌ಡಿಎಂಸಿ ಒಮ್ಮೆ ಓದಿ ನೋಡಬೇಕು. ಕುಡಿಯುವ ನೀರು, ಮಳೆನೀರು ಕೊಯ್ಲು, ಕೈತೋಟ, ಶೌಚಾಲಯದ ವಿವರ ಪ್ರತಿ ವರ್ಷ ಅದರಲ್ಲಿ ತುಂಬುತ್ತಾರೆ, ಜಿಲ್ಲೆ ಮತ್ತು ರಾಜ್ಯದ ಯೋಜನೆ ಅದರ ಮೇಲೆ ನಿಲ್ಲುತ್ತದೆ. ಕೆಟ್ಟು ಬಿದ್ದ ತೊಟ್ಟಿಗೂ "ಮಳೆನೀರು ಕೊಯ್ಲು ಇದೆ" ಎಂದು ತುಂಬಿದರೆ ಮೇಲಿನವರ ಕಣ್ಣಿಗೆ ನಿಮ್ಮ ಶಾಲೆಗೆ ಕೊರತೆಯೇ ಇಲ್ಲ. ಕ್ಲಸ್ಟರಿನ ನಾಲ್ಕಾರು ಶಾಲೆಗಳು ಸಿಆರ್‌ಪಿ ಮೂಲಕ ತಮ್ಮ ಪುಟಗಳನ್ನು ಒಟ್ಟಾಗಿ ಬಿಇಒ ಕಚೇರಿಗೆ ಕೊಟ್ಟರೆ, ಇದು ಒಂದು ಶಾಲೆಯ ದೂರಲ್ಲ, ಒಂದು ಸೀಮೆಯ ಬೇಡಿಕೆ ಎಂದು ಡಿಡಿಪಿಐ ಕಚೇರಿಗೂ ಮನವರಿಕೆಯಾಗುತ್ತದೆ. ಮಧುಗಿರಿಗೆ ಬೇರೆ ಯೋಜನೆ, ಶಿರಸಿಗೆ ಬೇರೆ ಯೋಜನೆ ಬರುವ ದಾರಿ ಇದೇ.

ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ, ಅಥವಾ ನೀವೇ ಒಂದು ಕಾಲಕ್ಕೆ ಅಲ್ಲಿ ಓದಿದ್ದರೆ, ಮುಂದಿನ ಎಸ್‌ಡಿಎಂಸಿ ಸಭೆ ಯಾವತ್ತು ಎಂದು ಈ ವಾರ ಮುಖ್ಯ ಶಿಕ್ಷಕರನ್ನು ಕೇಳಿ. ಅಡುಗೆಯವರನ್ನೂ ಕರೆದುಕೊಂಡು ಹೋಗಿ. ನಡಾವಳಿ ಪುಸ್ತಕ ಮುಚ್ಚುವ ಮುನ್ನ ಯಾರ ಹೆಸರಿಗೆ ಯಾವ ಕೆಲಸ ಬರೆದಿದೆ ಎಂದು ಗಟ್ಟಿಯಾಗಿ ಓದಿಸಿ.